ಪಂಜರದ ಹಕ್ಕಿಗೂ ಹಕ್ಕುಂಟು

ಸಂಬಂಧಿಕರ ಮನೆಯ ಮದುವೆ ಮುಗಿಸಿ ಐದನೆಯ ದಿನ ನಾವು ಊರಿಗೆ ಮರಳಿದಾಗ ಸಂಜೆಯಾಗಿತ್ತು. ಬೀಗ ತೆರೆಯುವ ಸದ್ದಿಗೇ ಒಳಗಿನಿಂದ ಕೇಳಿಬರುತ್ತಿದ್ದ ಚಿಲಿಪಿಲಿ ಅಂದು ಕೇಳಲಿಲ್ಲ. ಎಂಟು ವರ್ಷದ ಮಗಳು ಚಪ್ಪಲಿಯನ್ನೂ ಕಳಚದೆ ಹಿಂದಿನ ಜಗಲಿಗೆ ಓಡಿದಳು. ಪಂಜರದ ತಳದಲ್ಲಿ ಅವಳ ನೀಲಿ ಬಣ್ಣದ ಪುಟ್ಟ ಹಕ್ಕಿ ಕಾಲು ಮಡಚಿ ಬಿದ್ದಿತ್ತು. ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಜಾತಿಯ ಹಕ್ಕಿ ಅದು. ಎರಡು ವರ್ಷ ನಮ್ಮ ಮನೆಯಲ್ಲಿತ್ತು. ಅವಳು ಪಾಠ ಬರೆಯಲು ಕುಳಿತರೆ ಹೆಗಲ ಮೇಲೆ ಬಂದು ಕೂರುತ್ತಿತ್ತು, ಪೆನ್ಸಿಲನ್ನು ಕೊಕ್ಕಿನಿಂದ ಎಳೆಯುತ್ತಿತ್ತು.

ನಾವು ಅದನ್ನು ಮರೆತು ಹೋಗಿರಲಿಲ್ಲ. ಬಟ್ಟಲಿನ ತುಂಬ ಕಾಳು ಹಾಕಿದ್ದೆವು. ಪಕ್ಕದ ಮನೆಯ ಹುಡುಗನಿಗೆ ಕೀಲಿ ಕೊಟ್ಟು, ದಿನಕ್ಕೊಮ್ಮೆ ನೋಡು, ಕಾಳು ಮುಗಿದರೆ ಡಬ್ಬಿಯಿಂದ ಹಾಕು ಎಂದು ಹೇಳಿಯೂ ಇದ್ದೆವು. ಪಾಪ, ಅವನು ಪ್ರತಿದಿನವೂ ಬಂದಿದ್ದಾನೆ, ನೀರನ್ನೂ ಬದಲಿಸಿದ್ದಾನೆ. “ಕಾಳಿತ್ತು, ಬಟ್ಟಲು ತುಂಬಿಯೇ ಇತ್ತು” ಎಂದು ಅಳುತ್ತಾ ಹೇಳಿದ. ನಾನೂ ಬಗ್ಗಿ ನೋಡಿದೆ. ಬಟ್ಟಲು ನಿಜಕ್ಕೂ ತುಂಬಿತ್ತು.

ಮರುದಿನ, ಹಲವು ವರ್ಷ ಹಕ್ಕಿ ಸಾಕಿದ ಹಿರಿಯರೊಬ್ಬರಿಗೆ ಆ ಬಟ್ಟಲನ್ನು ತೋರಿಸಿದೆ. ಅವರು ಅದನ್ನು ಕೈಗೆತ್ತಿಕೊಂಡು ಮೆಲ್ಲನೆ ಊದಿದರು. ತುಂಬಿದ್ದದ್ದೆಲ್ಲ ಹಾರಿಹೋಯಿತು. ತಳದಲ್ಲಿ ಒಂದು ಕಾಳೂ ಇರಲಿಲ್ಲ. ಈ ಹಕ್ಕಿಗಳು ಕಾಳನ್ನು ಹಾಗೆಯೇ ನುಂಗುವುದಿಲ್ಲ, ಕೊಕ್ಕಿನಿಂದ ಸಿಪ್ಪೆ ಸುಲಿದು ತಿರುಳನ್ನು ಮಾತ್ರ ತಿಂದು, ಹೊಟ್ಟನ್ನು ಬಟ್ಟಲಲ್ಲೇ ಬಿಡುತ್ತವೆ, ನೋಡುವವರ ಕಣ್ಣಿಗೆ ಬಟ್ಟಲು ತುಂಬಿದಂತೆಯೇ ಕಾಣುತ್ತದೆ ಎಂದು ಅವರು ವಿವರಿಸಿದರು. ಹಕ್ಕಿ ಸಾಕುವವರಿಗೆಲ್ಲ ತಿಳಿದಿರಬೇಕಾದ ಮೊದಲ ಪಾಠವಿದು. ಎರಡು ವರ್ಷ ಸಾಕಿದ ನನಗೆ ತಿಳಿದಿರಲಿಲ್ಲ. ದಿನವೂ ಹೊಸ ಕಾಳು ಹಾಕುತ್ತಿದ್ದುದರಿಂದ ತಿಳಿಯುವ ಪ್ರಸಂಗವೇ ಬಂದಿರಲಿಲ್ಲ.

ಆ ರಾತ್ರಿ ಮಗಳು ಕೇಳಿದ ಪ್ರಶ್ನೆ ಈ ಬರಹಕ್ಕೆ ಕಾರಣ. “ಅಬ್ಬಾ, ಬೆಕ್ಕನ್ನು ಕಟ್ಟಿಹಾಕಿ ನರಕಕ್ಕೆ ಹೋದ ಹೆಂಗಸಿನ ಕಥೆಯನ್ನು ನೀವೇ ಹೇಳಿದ್ದಿರಿ. ನಮ್ಮ ಹಕ್ಕಿಯೂ ಹಸಿದೇ ಸತ್ತಿತಲ್ಲ? ಅವಳಿಗೂ ನಮಗೂ ಏನು ವ್ಯತ್ಯಾಸ?” ನಾವು ಅದನ್ನು ಪ್ರೀತಿಸುತ್ತಿದ್ದೆವಲ್ಲ ಮಗಳೇ ಎಂದೆ. ಆದರೆ ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ.

ಸಾಕುವುದೇ ತಪ್ಪೇ?

ಮೊದಲ ಪ್ರಶ್ನೆ ಇದು: ಹಾರುವ ಜೀವಿಯನ್ನು ಪಂಜರದಲ್ಲಿಡುವುದಕ್ಕೆ ಇಸ್ಲಾಮಿನಲ್ಲಿ ಅನುಮತಿ ಇದೆಯೇ? ಈ ಬಗ್ಗೆ ಮಾತನಾಡುವ ಉಲಮಾಗಳೆಲ್ಲ ಒಂದು ಪುಟ್ಟ ಮಗುವಿನ ಘಟನೆಯಿಂದ ಆರಂಭಿಸುತ್ತಾರೆ. ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದ ಹ. ಅನಸ್(ರ)ರಿಗೆ ಒಬ್ಬ ಪುಟ್ಟ ತಮ್ಮನಿದ್ದ. ಅವನ ಬಳಿ ಗುಬ್ಬಿಯಷ್ಟು ಚಿಕ್ಕದೊಂದು ಹಕ್ಕಿಯಿತ್ತು. ಅದರೊಡನೆ ಅವನು ಆಡುತ್ತಿದ್ದ. ಪ್ರವಾದಿವರ್ಯರು(ಸ) ಆ ಮನೆಗೆ ಹೋದಾಗಲೆಲ್ಲ ಮಗುವನ್ನು ದೊಡ್ಡವರನ್ನು ಕರೆಯುವಂತೆ ‘ಅಬೂ ಉಮೈರ್’ ಎಂದು ಕರೆದು, ಅವನ ಹಕ್ಕಿಯ ಸಮಾಚಾರ ವಿಚಾರಿಸುತ್ತಿದ್ದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ವರದಿಯಿದೆ. ಹಕ್ಕಿ ಸತ್ತು ಮಗು ಮಂಕಾಗಿ ಕುಳಿತಿದ್ದಾಗ ಅವನ ಮನಸ್ಸು ಹಗುರವಾಗಲೆಂದು ಪ್ರವಾದಿವರ್ಯರು(ಸ) ಹಾಗೆ ಮಾತನಾಡಿಸಿದರೆಂದು ಬೇರೆ ವರದಿಗಳು ಹೇಳುತ್ತವೆ.

ಎಷ್ಟೊಂದು ಹೊಣೆಗಳ ನಡುವೆ, ಒಂದು ಮಗುವಿನ ಹಕ್ಕಿಯನ್ನು ನೆನಪಿಟ್ಟುಕೊಂಡು ವಿಚಾರಿಸುವುದೆಂದರೆ! ಹಿಜರಿ 4ನೆಯ ಶತಮಾನದ ಶಾಫಿಈ ವಿದ್ವಾಂಸ ಇಬ್ನುಲ್ ಕಾಸ್ ಈ ಒಂದೇ ಹದೀಸಿನಿಂದ ಸುಮಾರು 60 ಪಾಠಗಳನ್ನು ಹೆಕ್ಕಿ ಒಂದು ಕಿರುಗ್ರಂಥವನ್ನೇ ಬರೆದರು. ಬುಖಾರಿಯ ಪ್ರಸಿದ್ಧ ವ್ಯಾಖ್ಯಾನಕಾರರಾದ ಇಬ್ನು ಹಜರ್ ಅಸ್ಕಲಾನಿಯವರು ಆ ಪಾಠಗಳನ್ನು ತಮ್ಮ ವ್ಯಾಖ್ಯಾನದಲ್ಲಿ ಚರ್ಚಿಸಿದ್ದಾರೆ. ಮಕ್ಕಳು ಹಕ್ಕಿಯೊಡನೆ ಆಡಬಹುದು, ಹಕ್ಕಿಯನ್ನು ಪಂಜರದಲ್ಲಿ ಇಟ್ಟುಕೊಳ್ಳಬಹುದು ಎಂಬುದೂ ಅವುಗಳಲ್ಲಿ ಸೇರಿದೆ. ಬೇರೆ ಕೆಲವು ವಿದ್ವಾಂಸರು ಕೇವಲ ಮನರಂಜನೆಗಾಗಿ ಹಕ್ಕಿಯನ್ನು ಬಂಧನದಲ್ಲಿಡುವುದನ್ನು ಮೆಚ್ಚಿಲ್ಲ. ಆದರೆ ಅನುಮತಿ ಕೊಟ್ಟವರೂ ಕೊಡದವರೂ ಒಂದು ಮಾತಿನಲ್ಲಿ ಒಂದಾಗುತ್ತಾರೆ: ಜೀವಿಗೆ ಹಿಂಸೆಯಾಗುವುದಾದರೆ ಅನುಮತಿಯಿಲ್ಲ.

ಫತ್ವಾ ಕೊಡುವ ಅರ್ಹತೆ ನನಗಿಲ್ಲ. ಅದು ಬಲ್ಲವರ ಕೆಲಸ. ನನ್ನ ಪ್ರಶ್ನೆ ಅನುಮತಿ ಸಿಕ್ಕಿದ ಮೇಲಿನದು. ಅನುಮತಿಯೆಂಬುದು ಬಾಗಿಲು ಮಾತ್ರ. ಬಾಗಿಲು ದಾಟಿದವನ ಮೇಲೆ ಮನೆಯ ಹೊಣೆ ಬೀಳುತ್ತದೆ.

ಎರಡು ದಾರಿಗಳು

ಈಗ ಮಗಳು ಹೇಳಿದ ಬೆಕ್ಕಿನ ಹದೀಸಿಗೆ ಬರೋಣ. ಆ ಸ್ತ್ರೀಯ ಅಪರಾಧವನ್ನು ಪ್ರವಾದಿವರ್ಯರು(ಸ) ಬಹಳ ನಿಖರವಾಗಿ ವಿವರಿಸಿದ್ದಾರೆ. ಆಕೆ ಬೆಕ್ಕನ್ನು ಕೂಡಿಹಾಕಿದಳು. ತಾನೂ ಆಹಾರ ಕೊಡಲಿಲ್ಲ. ನೆಲದ ಮೇಲಿನ ಹುಳುಹುಪ್ಪಟೆಗಳನ್ನು ಹಿಡಿದು ತಿನ್ನಲು ಅದನ್ನು ಬಿಡಲೂ ಇಲ್ಲ. ಅಂದರೆ ಆಕೆಯ ಮುಂದೆ ಎರಡು ದಾರಿಗಳಿದ್ದವು, ಒಂದೋ ಉಣಿಸುವುದು, ಇಲ್ಲವೇ ಬಿಟ್ಟುಬಿಡುವುದು. ಎರಡನ್ನೂ ಮುಚ್ಚಿದ್ದೇ ಆಕೆಯ ಪಾಪ.

ಇದರೊಡನೆ ತಿರ್ಮಿದಿಯಲ್ಲಿ ಹ. ಉಮರ್(ರ)ರಿಂದ ವರದಿಯಾದ ಇನ್ನೊಂದು ಹದೀಸನ್ನು ಸೇರಿಸಿ ಓದಬೇಕು. ಅಲ್ಲಾಹನ ಮೇಲಿನ ಭರವಸೆ ಹೇಗಿರಬೇಕೆಂದು ಕಲಿಸುವಾಗ ಪ್ರವಾದಿವರ್ಯರು(ಸ) ಉದಾಹರಣೆಯಾಗಿ ಕೊಟ್ಟದ್ದು ಹಕ್ಕಿಗಳನ್ನು. ಅವು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೊರಡುತ್ತವೆ, ಸಂಜೆ ಹೊಟ್ಟೆ ತುಂಬಿಸಿಕೊಂಡು ಮರಳುತ್ತವೆ. ಈ ಮಾತನ್ನು ನಾವು ಜುಮಾ ಖುತ್ಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆದರೆ ಪಂಜರದ ಮುಂದೆ ನಿಂತು ಯೋಚಿಸಿದರೆ ಅದರ ಅರ್ಥ ಬೇರೆಯೇ ಆಗುತ್ತದೆ. ಪಂಜರದ ಹಕ್ಕಿ ಬೆಳಿಗ್ಗೆ ಹೊರಡಲಾರದು. ಅಲ್ಲಾಹನು ಅದಕ್ಕೆ ರೆಕ್ಕೆ ಕೊಟ್ಟ, ಹುಡುಕುವ ಬುದ್ಧಿ ಕೊಟ್ಟ, ಭೂಮಿಯ ಮೇಲೆ ಅನ್ನ ಹರಡಿದ. ಈ ಮೂರಕ್ಕೂ ಅದಕ್ಕೂ ನಡುವೆ ತಂತಿಯೊಂದನ್ನು ಎಳೆದವರು ನಾವು. ಹಾಗಾದರೆ ಆ ಅನ್ನವನ್ನು ಅದರ ಬಾಯಿಗೆ ತಲುಪಿಸುವ ಪೂರ್ಣ ಹೊಣೆ ನಮ್ಮದೇ ತಾನೇ? ಹೀಗಿರುವಾಗ ಹಕ್ಕಿಗೆ ಕಾಳು ಹಾಕುವುದು ನಾವು ಮಾಡುವ ಉಪಕಾರವೇನಲ್ಲ, ಅದರಿಂದ ಕಸಿದುಕೊಂಡದ್ದಕ್ಕೆ ತೀರಿಸುವ ಸಾಲ. ಅರಬೀ ಭಾಷೆಯಲ್ಲಿ ‘ಹಕ್ಕ್’ ಎಂದರೂ, ಕನ್ನಡದಲ್ಲಿ ‘ಹಕ್ಕು’ ಎಂದರೂ ಇದೇ.

ಯಾವ ಹಕ್ಕಿ? ಎಲ್ಲಿಂದ ಬಂತು?

ಎಲ್ಲ ಗಿಳಿಗಳ ವಿಷಯ ಒಂದೇ ಅಲ್ಲ. ನಮ್ಮ ತೋಟ, ಗದ್ದೆ, ಹಳೆಯ ಮರಗಳ ಪೊಟರೆಗಳಲ್ಲಿ ವಾಸಿಸುವ ಹಸಿರು ಗಿಳಿಗಳನ್ನು ಹಿಂದೆ ಅನೇಕ ಮನೆಗಳಲ್ಲಿ ಸಾಕುತ್ತಿದ್ದರು. ಅಜ್ಜಿಯ ಮನೆಯ ಗಿಳಿ ಬಂದವರಿಗೆ ಸಲಾಮ್ ಹೇಳುತ್ತಿತ್ತೆಂದು ನಮ್ಮಲ್ಲಿ ಹಲವರು ಈಗಲೂ ನೆನೆಯುತ್ತಾರೆ. ಆದರೆ ಆ ಗಿಳಿ ಅಜ್ಜಿಯ ಮನೆಗೆ ಹೇಗೆ ಬಂತು? ಯಾರೋ ಮರ ಹತ್ತಿ, ಪೊಟರೆಗೆ ಕೈ ಹಾಕಿ, ರೆಕ್ಕೆ ಬಲಿಯದ ಮರಿಗಳನ್ನು ತೆಗೆದಿರಬೇಕು. ಆ ಹೊತ್ತಿಗೆ ತಾಯಿಹಕ್ಕಿ ಎಲ್ಲಿತ್ತು?

ಇದಕ್ಕೂ ನಮ್ಮ ಮುಂದೆ ಹದೀಸಿದೆ. ಒಂದು ಪ್ರಯಾಣದಲ್ಲಿ ಕೆಲವು ಸಹಾಬಿಗಳು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಿದ್ದರು. ತಾಯಿಹಕ್ಕಿ ಬಂದು ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಪ್ರವಾದಿವರ್ಯರು(ಸ) ಅದನ್ನು ಕಂಡು, ಮರಿಗಳನ್ನು ತೆಗೆದು ಇದನ್ನು ಸಂಕಟಕ್ಕೆ ಈಡುಮಾಡಿದವರು ಯಾರೆಂದು ವಿಚಾರಿಸಿ, ಮರಿಗಳನ್ನು ಮರಳಿ ಕೊಡುವಂತೆ ಆಜ್ಞಾಪಿಸಿದರು. ಅಬೂ ದಾವೂದ್‌ನಲ್ಲಿ ಹ. ಇಬ್ನು ಮಸ್‌ಊದ್(ರ)ರಿಂದ ಇದು ವರದಿಯಾಗಿದೆ. ಮರಿಗಳನ್ನು ಎತ್ತಿಕೊಂಡವರು ಕ್ರೂರಿಗಳಾಗಿರಲಿಲ್ಲ, ಸತ್ಯವಿಶ್ವಾಸಿಗಳೇ ಆಗಿದ್ದರು. ಬಹುಶಃ ಮರಿಗಳ ಮೇಲಿನ ಮಮತೆಯಿಂದಲೇ ಎತ್ತಿಕೊಂಡಿರಬಹುದು. ಆದರೂ ಅಲ್ಲಿ ತಾಯಿಯ ಸಂಕಟ ಮುಖ್ಯವಾಯಿತೇ ಹೊರತು ಎತ್ತಿಕೊಂಡವರ ಆಸೆಯಲ್ಲ.

ನಮ್ಮ ದೇಶದ ಕಾನೂನೂ ಇಂದು ಇದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ನಾಡಿನ ಗಿಳಿಗಳಿಗೆ ರಕ್ಷಣೆಯಿದೆ. ಅವುಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಹಿಂದಿನವರು ಸಾಕುತ್ತಿದ್ದರಲ್ಲ ಎನ್ನುವುದು ಉತ್ತರವಲ್ಲ. ತಾನಿರುವ ನಾಡಿನ ನ್ಯಾಯವಾದ ಕಾನೂನನ್ನು ಪಾಲಿಸುವುದು ಮುಸ್ಲಿಮನಿಗೆ ಕರಾರು ಪಾಲನೆಯ ಭಾಗ. ಈಗಾಗಲೇ ಯಾರ ಮನೆಯಲ್ಲಾದರೂ ಅಂತಹ ಗಿಳಿಯಿದ್ದರೆ ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸುವುದು ಸರಿಯಾದ ಮಾರ್ಗ. ಇನ್ನು ಗಿಳಿಯಿಂದ ಚೀಟಿ ತೆಗೆಸಿ ಭವಿಷ್ಯ ಕೇಳುವ ಗಿಣಿಶಾಸ್ತ್ರದ ಮುಂದೆ ಕೂರುವವರು, ಹಕ್ಕಿಯ ಬಂಧನಕ್ಕೂ ತಮ್ಮ ಈಮಾನಿನ ಹಾನಿಗೂ ಒಟ್ಟಿಗೇ ಹಣ ಕೊಡುತ್ತಾರೆ. ಅದೃಶ್ಯದ ಜ್ಞಾನ ಅಲ್ಲಾಹನ ಬಳಿ ಮಾತ್ರ ಇದೆ.

ನಮ್ಮ ಮನೆಯಲ್ಲಿದ್ದಂತಹ ಪುಟ್ಟ ಹಕ್ಕಿಗಳ ವಿಷಯ ಬೇರೆ. ಅವುಗಳ ನಿಜವಾದ ಹೆಸರು ಬಜರಿಗಾರ್. ತವರು ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲುಗಳು. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞರು ಅವುಗಳನ್ನು ಇಂಗ್ಲೆಂಡಿಗೆ ಕೊಂಡೊಯ್ದ ನಂತರ ಜಗತ್ತಿನಾದ್ಯಂತ ಮನೆಗಳಲ್ಲಿ ತಲೆಮಾರುಗಳಿಂದ ಸಾಕಲಾಗುತ್ತಿದೆ. ಕಾಡಿನಲ್ಲಿ ಅವು ಹಸಿರು ಹಳದಿ ಬಣ್ಣದವು. ನೀಲಿ, ಬಿಳಿ ಮುಂತಾದವು ಮನುಷ್ಯರು ಸಾಕಿ ಬೆಳೆಸಿದ ಬಣ್ಣಗಳು. ಅಂಗಡಿಯ ಹಕ್ಕಿ ಪಂಜರದಲ್ಲೇ ಮೊಟ್ಟೆಯೊಡೆದು ಬಂದದ್ದು. ಅದಕ್ಕೆ ಗಿಡುಗನ ಅರಿವಿಲ್ಲ, ನಮ್ಮ ಮಳೆಗಾಲದ ಅರಿವಿಲ್ಲ, ಹೊರಗೆ ಅನ್ನ ಹುಡುಕುವ ಅಭ್ಯಾಸವಿಲ್ಲ.

ಇಲ್ಲೊಂದು ತಪ್ಪು ತಿಳುವಳಿಕೆಯನ್ನು ನಿವಾರಿಸಬೇಕು. ಕೆಲವರು ಪುಣ್ಯ ಗಳಿಸಲೆಂದು ಇಂತಹ ಹಕ್ಕಿಯ ಪಂಜರದ ಬಾಗಿಲು ತೆರೆದು ಹಾರಿಬಿಡುತ್ತಾರೆ. ಅದು ಬಿಡುಗಡೆಯಲ್ಲ. ಹೆಚ್ಚಾಗಿ ಅವು ಕಾಗೆಗೋ ಬೆಕ್ಕಿಗೋ ಹಸಿವಿಗೋ ಬಲಿಯಾಗುತ್ತವೆ. ಇನ್ನು ಕೆಲವರು ಸದಕಾ ಎಂದು ಸಂತೆಯಲ್ಲಿ ಕಾಡಹಕ್ಕಿಗಳನ್ನು ಕೊಂಡು ಬಿಡುತ್ತಾರೆ. ಅವರು ಕೊಟ್ಟ ಹಣದಿಂದಲೇ ಮರುದಿನದ ಬಲೆ ಸಿದ್ಧವಾಗುತ್ತದೆ.

ಆದುದರಿಂದ ಬೆಕ್ಕಿನ ಹದೀಸಿನ ಎರಡು ದಾರಿಗಳಲ್ಲಿ ಒಂದು, ಅಂದರೆ ಬಿಟ್ಟುಬಿಡುವ ದಾರಿ, ನಾವು ಸಾಕುವ ಈ ಹಕ್ಕಿಗೆ ಮುಚ್ಚಿಹೋಗಿದೆ. ಉಳಿದಿರುವುದು ಒಂದೇ. ಹೀಗಾಗಿ ನಮ್ಮ ಹೊಣೆ ಆ ಸ್ತ್ರೀಯ ಹೊಣೆಗಿಂತಲೂ ಹೆಚ್ಚು. ಅವಳು ಬಾಗಿಲು ತೆರೆದಿದ್ದರೆ ಸಾಕಿತ್ತು. ನಮಗೆ ಅಷ್ಟು ಸಾಲದು.

ಅದು ನಮ್ಮನ್ನು ಪ್ರೀತಿಸುತ್ತದೆಯೇ?

ಸಾಕಿದವರಿಗೆಲ್ಲ ಗೊತ್ತು, ಈ ಹಕ್ಕಿಗಳು ನಮ್ಮನ್ನು ಬಹಳ ಹಚ್ಚಿಕೊಳ್ಳುತ್ತವೆ. ಕಂಡರೆ ಕೂಗುತ್ತವೆ, ಕೈ ನೀಡಿದರೆ ಬೆರಳಿಗೆ ಹತ್ತುತ್ತವೆ, ಕಿವಿಯ ಬಳಿ ಕುಳಿತು ಏನೇನೋ ಪಿಸುಗುಟ್ಟುತ್ತವೆ, ಕೂದಲನ್ನು ಗರಿಯೆಂಬಂತೆ ಒಂದೊಂದೇ ಎಳೆಯಾಗಿ ಸವರುತ್ತವೆ. ಇದನ್ನು ಕಂಡು ನಮ್ಮ ಮನಸ್ಸು ತುಂಬುತ್ತದೆ. ಅದು ನಮ್ಮನ್ನು ಪ್ರೀತಿಸುತ್ತದೆ, ಇಲ್ಲಿ ಸುಖವಾಗಿದೆ ಎಂದುಕೊಳ್ಳುತ್ತೇವೆ.

ಆದರೆ ಸ್ವಲ್ಪ ನಿಲ್ಲೋಣ. ಬಜರಿಗಾರ್ ಗುಂಪಿನ ಹಕ್ಕಿ. ತವರಿನಲ್ಲಿ ಸಾವಿರ ಸಾವಿರ ಹಕ್ಕಿಗಳು ಒಟ್ಟಿಗೆ ಮಳೆಯ ಜಾಡು ಹಿಡಿದು, ಹುಲ್ಲಿನ ಬೀಜ ಹುಡುಕುತ್ತಾ ಊರಿಂದೂರಿಗೆ ಹಾರುತ್ತವೆ. ಒಂದು ಇನ್ನೊಂದರ ತಲೆಯ ಗರಿಗಳನ್ನು ಕೊಕ್ಕಿನಿಂದ ನೇವರಿಸುತ್ತದೆ. ಅಂತಹ ಹಕ್ಕಿಯನ್ನು ಒಂಟಿಯಾಗಿ ಪಂಜರದಲ್ಲಿಟ್ಟು ಕನ್ನಡಿಯೊಂದನ್ನು ತೂಗುಹಾಕಿದರೆ, ಅದು ಕನ್ನಡಿಯಲ್ಲಿ ಕಾಣುವ ಹಕ್ಕಿಯೊಡನೆ ಗಂಟೆಗಟ್ಟಲೆ ಮಾತನಾಡುತ್ತದೆ, ತಿಂದ ಕಾಳನ್ನು ಮತ್ತೆ ಬಾಯಿಗೆ ತಂದು ಗಾಜಿಗೆ ಉಣಿಸಲು ನೋಡುತ್ತದೆ. ನಮ್ಮ ಹಕ್ಕಿಯೂ ಹಾಗೆ ಮಾಡುತ್ತಿತ್ತು. ನಾವು ನಕ್ಕು ಮಕ್ಕಳಿಗೆ ತೋರಿಸುತ್ತಿದ್ದೆವು. ಈಗ ನೆನೆದರೆ ನಗು ಬರುವುದಿಲ್ಲ.

ಅಂದರೆ ಅದರ ಒಲವು ಸುಳ್ಳೇ? ಅಲ್ಲ. ಅದು ನಿಜವೇ. ಆದರೆ ಆ ಒಲವು ನಮಗೆ ಸಿಕ್ಕಿದ ಬಹುಮಾನವೆಂದು ಬೀಗುವ ಮುನ್ನ ಯೋಚಿಸಬೇಕು: ಅದಕ್ಕೆ ಬೇರೆ ಯಾರಿದ್ದಾರೆ? ಬೇರೆಲ್ಲವನ್ನೂ ಇಲ್ಲವಾಗಿಸಿದ ಮೇಲೆ ಅದು ನಮ್ಮನ್ನೇ ತನ್ನ ಬಳಗವೆಂದು ನಂಬಿತು. ಅಂತಹ ನಂಬಿಕೆಗೆ ನಮ್ಮ ದೀನ್ ಕೊಡುವ ಹೆಸರು ಅಮಾನತ್. ಯಾರೋ ನಂಬಿ ಒಪ್ಪಿಸಿದ ವಸ್ತುವನ್ನು ಕಾಪಾಡುವುದೇ ಅಮಾನತ್ ಆಗಿರುವಾಗ, ಒಂದು ಜೀವ ತನ್ನನ್ನೇ ನಂಬಿ ಒಪ್ಪಿಸಿದರೆ ಅದರ ಹೊಣೆ ಎಷ್ಟು ದೊಡ್ಡದು! ಪವಿತ್ರ ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯವು (6:38) ಎರಡು ರೆಕ್ಕೆಗಳಿಂದ ಹಾರುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳೆಂದು ತಿಳಿಸುತ್ತದೆ. ಅನ್ನೂರ್ ಅಧ್ಯಾಯವು (24:41) ರೆಕ್ಕೆ ಹರಡಿದ ಹಕ್ಕಿಗಳು ಅಲ್ಲಾಹನನ್ನು ಕೊಂಡಾಡುತ್ತವೆ, ಪ್ರತಿಯೊಂದಕ್ಕೂ ತನ್ನ ನಮಾಝ್ ಮತ್ತು ತಸ್ಬೀಹ್ ತಿಳಿದಿದೆ ಎಂದು ಹೇಳುತ್ತದೆ. ನಾವು ಆಟಿಕೆಯೆಂದು ಕೊಂಡು ತಂದದ್ದು ಒಂದು ಸಮುದಾಯದ ಸದಸ್ಯನನ್ನು, ತಸ್ಬೀಹ್ ಮಾಡುವ ಒಂದು ಜೀವವನ್ನು.

ಇದು ಮನಸ್ಸಿಗೆ ಬಂದರೆ ನಮ್ಮ ನಡತೆಯೇ ಬದಲಾಗುತ್ತದೆ. ಹಕ್ಕಿಯನ್ನು ಒಂಟಿಯಾಗಿ ತರುವ ಬದಲು ಜೋಡಿಯಾಗಿ ತರುತ್ತೇವೆ. ಜೋಡಿಯಾದರೆ ನಮ್ಮನ್ನು ಅಷ್ಟು ಹಚ್ಚಿಕೊಳ್ಳುವುದಿಲ್ಲ ಎಂದು ಅಂಗಡಿಯವರು ಹೇಳುವುದುಂಟು. ಹೇಳಲಿ. ನಮ್ಮ ಸಂತೋಷಕ್ಕಾಗಿ ಅದನ್ನು ಒಂಟಿಯಾಗಿಡುವುದು ಪ್ರೀತಿಯೇ? ಕೆಲವರು ಹಕ್ಕಿ ಬೇಗ ಪಳಗಲೆಂದು ಅದನ್ನು ಹಸಿವಿನಲ್ಲಿಡುತ್ತಾರೆ, ಹಾರದಿರಲೆಂದು ರೆಕ್ಕೆ ಕತ್ತರಿಸುತ್ತಾರೆ, ಅಂಗೈಯಲ್ಲಿ ಹಿಡಿದು ಒತ್ತುತ್ತಾರೆ. ಮೇಲಿನಿಂದ ಬರುವ ಕೈ ಪುಟ್ಟ ಹಕ್ಕಿಗೆ ಗಿಡುಗನಂತೆ ಕಾಣುತ್ತದೆ. ಅದರ ವಿಶ್ವಾಸ ಗಳಿಸುವ ಮಾರ್ಗ ಒಂದೇ, ಸಬ್ರ್. ಕೆಲವು ದಿನ ಪಂಜರದ ಬಳಿ ಸುಮ್ಮನೆ ಕುಳಿತು ಮೆಲುದನಿಯಲ್ಲಿ ಮಾತನಾಡಬೇಕು. ಮುಂದೆ ನವಣೆಯ ತೆನೆಯನ್ನು ಕೈಯಲ್ಲಿ ಹಿಡಿದು ಅಲುಗದೆ ಕಾಯಬೇಕು. ಅದಾಗಿಯೇ ಬೆರಳಿಗೆ ಹತ್ತುವ ದಿನ ಬರುತ್ತದೆ. ಬಾರದಿದ್ದರೆ ಅದು ಹಕ್ಕಿಯ ತಪ್ಪಲ್ಲ. ಬೇಡವೆನ್ನುವ ಅವಕಾಶ ಅದಕ್ಕಿದ್ದಾಗ ಬರುವ ಒಲವಿಗೆ ಮಾತ್ರ ಬೆಲೆ.

ಮಕ್ಕಳು ಹಕ್ಕಿಗೆ ಸಲಾಮ್ ಕಲಿಸುತ್ತಾರೆ, ಬಿಸ್ಮಿಲ್ಲಾ ಕಲಿಸುತ್ತಾರೆ. ಬಂದವರು ಬೆರಗಾಗುತ್ತಾರೆ. ಅರ್ಥ ತಿಳಿಯದೆ ಒಪ್ಪಿಸುವುದನ್ನು ಕನ್ನಡದಲ್ಲಿ ಗಿಳಿಪಾಠ ಎನ್ನುತ್ತಾರೆ. ಹಕ್ಕಿಗೆ ಅರ್ಥ ತಿಳಿಯದಿದ್ದರೆ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ‘ಅರ್‍ರಹ್ಮಾನ್’ ಎಂದು ದಿನಕ್ಕೆ ಎಷ್ಟೋ ಬಾರಿ ಉಚ್ಚರಿಸುವ ನಾವು, ಆ ಪದವನ್ನು ಹಕ್ಕಿಗೆ ಕಲಿಸುತ್ತಲೇ ಅದರ ಬಗ್ಗೆ ಕರುಣೆಯಿಲ್ಲದವರಾದರೆ, ಗಿಳಿಪಾಠ ಯಾರದ್ದು?

ಅರಿವೂ ಕರುಣೆಯ ಭಾಗ

ನಮ್ಮ ಹಕ್ಕಿ ಸತ್ತದ್ದು ದ್ವೇಷದಿಂದಲ್ಲ, ಮರೆವಿನಿಂದಲೂ ಅಲ್ಲ. ಅರಿಯದಿರುವಿಕೆಯಿಂದ. ಅರಿಯದೆ ಮಾಡಿದ ತಪ್ಪಿಗೂ ಹೃದಯವು ಉದ್ದೇಶಪಟ್ಟು ಮಾಡಿದ ತಪ್ಪಿಗೂ ಅಲ್ಲಾಹನು ವ್ಯತ್ಯಾಸ ಇಟ್ಟಿದ್ದಾನೆ (33:5). ಅದು ಅವನ ದೊಡ್ಡ ಕೃಪೆ. ಆದರೆ ಅರಿಯದಿರುವುದರಲ್ಲೂ ಎರಡು ಬಗೆಯಿದೆ. ಅರಿಯಲು ಸಾಧ್ಯವೇ ಇಲ್ಲದಿದ್ದದ್ದು ಒಂದು. ಅರಿಯಬಹುದಾಗಿತ್ತು, ಕೇಳುವ ಮನಸ್ಸು ಮಾಡಲಿಲ್ಲ ಎಂಬುದು ಇನ್ನೊಂದು. ನನ್ನದು ಎರಡನೆಯದು. ಮೋಟಾರ್ ಸೈಕಲ್ ಕೊಳ್ಳುವಾಗ ಹತ್ತು ಜನರನ್ನು ವಿಚಾರಿಸಿದವನು ಹಕ್ಕಿ ಕೊಳ್ಳುವಾಗ ಬೆಲೆಯೊಂದನ್ನೇ ವಿಚಾರಿಸಿದ್ದೆ.

ಪ್ರತಿಯೊಂದು ಕಾರ್ಯದಲ್ಲೂ ಇಹ್ಸಾನ್ ಅನ್ನು, ಅಂದರೆ ಅತ್ಯುತ್ತಮ ರೀತಿಯನ್ನು, ಅಲ್ಲಾಹನು ವಿಧಿಸಿದ್ದಾನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅದಕ್ಕೆ ಅವರು ಕೊಟ್ಟ ಉದಾಹರಣೆ ಜಾನುವಾರನ್ನು ಕೊಯ್ಯುವ ಹೊತ್ತಿನದು: ಕತ್ತಿಯನ್ನು ಹರಿತ ಮಾಡಿಕೊಳ್ಳಿ, ಪ್ರಾಣಿಗೆ ನೋವು ಕಡಿಮೆಯಾಗಲಿ ಎಂಬುದು ಅದರ ಸಾರ. ಕತ್ತಿಯ ಹರಿತ ಕೇವಲ ಸದುದ್ದೇಶದಿಂದ ಬರುವುದಿಲ್ಲ, ಕೆಲಸ ತಿಳಿದಿರಬೇಕು. ಕೊಯ್ಯುವುದರಲ್ಲೇ ಇಷ್ಟು ಎಚ್ಚರವಿರಬೇಕಾದರೆ ಸಾಕುವುದರಲ್ಲಿ ಎಷ್ಟಿರಬೇಕು?

ಹಾಗಾದರೆ ತಿಳಿದಿರಬೇಕಾದದ್ದೇನು? ಪ್ರತಿದಿನ ಬಟ್ಟಲಿನ ಹೊಟ್ಟನ್ನು ಊದಿ ತೆಗೆದು ಹೊಸ ಕಾಳು ಹಾಕಬೇಕು. ಇಷ್ಟು ಪುಟ್ಟ ಹಕ್ಕಿಯ ಮೈಯಲ್ಲಿ ಶೇಖರಣೆ ಬಹಳ ಕಡಿಮೆ, ಒಂದೆರಡು ದಿನದ ಉಪವಾಸವೇ ಪ್ರಾಣಾಪಾಯ. ನವಣೆ, ಬರಗಿನಂತಹ ಕಾಳು ಮಾತ್ರ ಸಾಲದು, ತೊಳೆದ ಸೊಪ್ಪು, ಗಜ್ಜರಿಯಂತಹ ತರಕಾರಿಯೂ ಬೇಕು. ಬೆಣ್ಣೆಹಣ್ಣು ಮತ್ತು ಚಾಕೊಲೇಟ್ ಅದಕ್ಕೆ ವಿಷ. ಅಂಟದ ಲೇಪನವಿರುವ ಬಾಣಲೆ ಅತಿಯಾಗಿ ಕಾದರೆ ಹೊರಡುವ ಹೊಗೆ ನಮಗೆ ತಿಳಿಯುವ ಮೊದಲೇ ಹಕ್ಕಿಯನ್ನು ಕೊಲ್ಲಬಲ್ಲದು. ಹೀಗಾಗಿ ಪಂಜರ ಅಡುಗೆಮನೆಯಲ್ಲಿರಬಾರದು. ಪಂಜರ ಎತ್ತರಕ್ಕಿಂತ ಹೆಚ್ಚಾಗಿ ಅಗಲವಿರಲಿ, ಹಕ್ಕಿ ಹಾರುವುದು ಅಡ್ಡಕ್ಕೆ. ಸಾಧ್ಯವಾದರೆ ದಿನಕ್ಕೊಮ್ಮೆ, ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಕೋಣೆಯಲ್ಲಿ ಹಾರಲು ಬಿಡಬೇಕು. ರಾತ್ರಿ ಹತ್ತು ಹನ್ನೆರಡು ಗಂಟೆ ಕತ್ತಲೆ ಮತ್ತು ಶಾಂತಿ ಬೇಕು. ಟಿ.ವಿ.ಯ ಮುಂದೆ ತೂಗುಹಾಕಿದ ಪಂಜರದಲ್ಲಿ ಅದು ಸಿಗದು. ಮುಖ್ಯವಾಗಿ, ಹಕ್ಕಿಗಳು ತಮ್ಮ ರೋಗವನ್ನು ಮುಚ್ಚಿಡುತ್ತವೆ. ಕಾಡಿನಲ್ಲಿ ದುರ್ಬಲವಾಗಿ ಕಂಡದ್ದು ಬೇಟೆಯಾಗುತ್ತದೆ ಎಂಬುದು ಅವುಗಳ ಸ್ವಭಾವದಲ್ಲೇ ಇದೆ. ಗರಿ ಉಬ್ಬಿಸಿ ಮಂಕಾಗಿ ಕುಳಿತದ್ದು ಕಂಡರೆ ನಾಳೆ ನೋಡೋಣ ಎನ್ನದೆ ಅಂದೇ ಪಶುವೈದ್ಯರ ಬಳಿ ಒಯ್ಯಬೇಕು.

ಇಷ್ಟೆಲ್ಲ ನಮ್ಮಿಂದಾಗದು ಎನಿಸಿದರೆ? ಆಗ ಸಾಕದಿರುವುದೇ ಕರುಣೆ. ಅಂಗಳದಲ್ಲಿ ಮಣ್ಣಿನ ಬಟ್ಟಲಲ್ಲಿ ನೀರಿಟ್ಟು, ಮರದ ಮೇಲೆ ಬಂದು ಕೂರುವ ಸ್ವತಂತ್ರ ಹಕ್ಕಿಗಳನ್ನು ಮಕ್ಕಳಿಗೆ ತೋರಿಸಬಹುದು. ಬಾಯಾರಿದ ನಾಯಿಗೆ ನೀರು ಕೊಟ್ಟವನ ಪಾಪಗಳು ಕ್ಷಮಿಸಲ್ಪಟ್ಟ ಹದೀಸ್ ನಮಗೆಲ್ಲ ತಿಳಿದಿದೆ. ಆ ನಾಯಿ ಅವನ ಸಾಕುನಾಯಿಯಾಗಿರಲಿಲ್ಲ.

ಮನುಷ್ಯರೇ ಹಸಿದಿರುವಾಗ ಹಕ್ಕಿಯ ಬಗ್ಗೆ ಇಷ್ಟೊಂದು ಬರೆಯಬೇಕೇ ಎಂದು ಓದುಗರಲ್ಲಿ ಕೆಲವರು ಕೇಳಬಹುದು. ನನ್ನ ಉತ್ತರ ಆ ಬಟ್ಟಲಲ್ಲೇ ಇದೆ. ದೂರದಿಂದ ನೋಡಿ ‘ತುಂಬಿದೆ’ ಎಂದುಕೊಳ್ಳುವ ರೋಗ ಹಕ್ಕಿಯ ವಿಷಯದಲ್ಲಿ ಮಾತ್ರವೇ? ಒಳಕೋಣೆಯಲ್ಲಿ ಮಲಗಿರುವ ವೃದ್ಧ ತಾಯಿಗೆ ಹೊತ್ತಿಗೆ ಸರಿಯಾಗಿ ಊಟ ಹೋಗುತ್ತದೆ. ಬಟ್ಟಲು ತುಂಬಿದೆ ಎಂದುಕೊಳ್ಳುತ್ತೇವೆ. ಆದರೆ ಅವರ ಬಳಿ ಕುಳಿತು ಮಾತನಾಡಿ ಎಷ್ಟು ದಿನವಾಯಿತು? ಗಲ್ಫ್‌ನಿಂದ ಪ್ರತಿ ತಿಂಗಳು ಹಣ ಬರುತ್ತದೆ, ಮಕ್ಕಳಿಗೆ ಬಟ್ಟೆಬರೆ, ಶಾಲೆ, ಆಟಿಕೆ ಎಲ್ಲವೂ ಇದೆ. ಹತ್ತಿರ ಹೋಗಿ ಒಮ್ಮೆ ಊದಿ ನೋಡಿದ್ದೇವೆಯೇ, ಒಳಗೆ ಕಾಳಿದೆಯೋ ಹೊಟ್ಟೋ ಎಂದು? ನಿಮ್ಮಲ್ಲಿ ಪ್ರತಿಯೊಬ್ಬನೂ ಮೇಯಿಸುವವನು, ತನ್ನ ಆಶ್ರಯದಲ್ಲಿರುವವರ ಬಗ್ಗೆ ಪ್ರಶ್ನಿಸಲ್ಪಡುವನು ಎಂಬ ಪ್ರವಾದಿ ವಚನದ ಸಾರ ನಮಗೆಲ್ಲ ಬಾಯಿಪಾಠವಾಗಿದೆ. ಬಾಯಿದ್ದವರು ಕೊನೆಗೊಮ್ಮೆಯಾದರೂ ದೂರುತ್ತಾರೆ. ಬಾಯಿಲ್ಲದ ಜೀವಿಯ ಬಗ್ಗೆ ಎಚ್ಚರ ಕಲಿತವನಿಗೆ ಬಾಯಿದ್ದವರ ಮೌನವೂ ಕೇಳಿಸತೊಡಗುತ್ತದೆ.

ಮಗಳಿಗೆ ಕೊಟ್ಟ ಉತ್ತರ

ಕೆಲವು ದಿನಗಳ ನಂತರ ಮಗಳನ್ನು ಬಳಿಗೆ ಕರೆದು ಹೇಳಿದೆ: “ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಆ ಹೆಂಗಸು ಬೆಕ್ಕು ಸಾಯುತ್ತಿದೆಯೆಂದು ತಿಳಿದೂ ಸುಮ್ಮನಿದ್ದಳು. ನಾವು ತಿಳಿಯದೆ ತಪ್ಪು ಮಾಡಿದೆವು. ಇದು ನಮಗೂ ಅವಳಿಗೂ ಇರುವ ವ್ಯತ್ಯಾಸ. ಆದರೆ ಇನ್ನು ಮುಂದೆ ನಮಗೆ ತಿಳಿದಿದೆ. ಇನ್ನೊಮ್ಮೆ ಹೀಗಾದರೆ ಆ ವ್ಯತ್ಯಾಸವೂ ಇರುವುದಿಲ್ಲ.” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಾಹನಲ್ಲಿ ಕ್ಷಮೆ ಕೇಳಿದಿರಾ?” ಎಂದಳು. ಕೇಳಿದ್ದೆ. ಇಬ್ಬರೂ ಸೇರಿ ಮತ್ತೊಮ್ಮೆ ಕೇಳಿದೆವು.

ಒಂದು ವರ್ಷ ಪಂಜರ ಖಾಲಿಯಿತ್ತು. ನಂತರ, ಬೇರೆ ಊರಿಗೆ ವರ್ಗವಾದ ಪರಿಚಯದ ಕುಟುಂಬವೊಂದು ತಮ್ಮ ಜೋಡಿ ಹಕ್ಕಿಗಳನ್ನು ಯಾರಿಗೆ ಕೊಡುವುದೆಂದು ಚಿಂತಿಸುತ್ತಿದ್ದಾಗ, ಮನೆಯವರೆಲ್ಲ ಕುಳಿತು ಆಲೋಚಿಸಿ ಅವುಗಳನ್ನು ತಂದೆವು. ಕನ್ನಡಿಯನ್ನು ತೆಗೆದುಹಾಕಿದ್ದೇವೆ. ಅವು ಮಗಳನ್ನು ಮೊದಲಿನ ಹಕ್ಕಿಯಷ್ಟು ಹಚ್ಚಿಕೊಂಡಿಲ್ಲ. ಒಂದಕ್ಕೊಂದು ಸಾಕಾಗಿವೆ. ಅವಳಿಗೆ ಅದರ ಬೇಸರವಿಲ್ಲ. ಫಜ್ರ್ ನಮಾಝ್ ಮುಗಿದ ಕೂಡಲೇ ಬಟ್ಟಲನ್ನು ಹೊರತಂದು ಅಂಗಳದಲ್ಲಿ ಊದುತ್ತಾಳೆ. ಊರಿಗೆ ಹೋಗುವ ದಿನಗಳಲ್ಲಿ ಪಕ್ಕದ ಮನೆಯ ಅದೇ ಹುಡುಗ ಬರುತ್ತಾನೆ. ಅವನಿಗೂ ಊದಲು ಅವಳೇ ಕಲಿಸಿದ್ದಾಳೆ.

ಸಹಾಬಿವರ್ಯರಾದ ಹ. ಅಬುದ್ದರ್ದಾ(ರ) ಮರಣಶಯ್ಯೆಯಲ್ಲಿದ್ದಾಗ ತಮ್ಮ ಒಂಟೆಯನ್ನು ಉದ್ದೇಶಿಸಿ, ನಾಳೆ ನಿನ್ನ ಪ್ರಭುವಿನ ಮುಂದೆ ನನ್ನ ವಿರುದ್ಧ ವಾದಿಸಬೇಡ, ನಿನ್ನ ಶಕ್ತಿ ಮೀರಿದ ಹೊರೆಯನ್ನು ನಾನು ನಿನ್ನ ಮೇಲೆ ಹೊರಿಸಿರಲಿಲ್ಲ ಎಂಬರ್ಥದ ಮಾತನ್ನಾಡಿದರೆಂದು ವರದಿಯಾಗಿದೆ. ಒಂದು ಒಂಟೆ ತಮ್ಮ ವಿರುದ್ಧ ವಾದಿಸಬಹುದೆಂದು ಅಂಜಿದವರು ಅವರು. ನಮ್ಮ ಜಗಲಿಯಲ್ಲಿ ತೂಗುವ ಪಂಜರದ ಮುಂದೆ ನಿಂತು ನಾವೂ ಅಷ್ಟೇ ಧೈರ್ಯದಿಂದ ಆ ಮಾತನ್ನು ಹೇಳಬಲ್ಲೆವೇ? ಹಕ್ಕಿ ಸಾಕುವ ಪ್ರತಿ ಮನೆಯೂ ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಲಿ. ನಮ್ಮ ಆಶ್ರಯದಲ್ಲಿರುವ ಬಾಯಿಲ್ಲದವರ ಹಕ್ಕುಗಳನ್ನು ಅರಿತು ಸಲ್ಲಿಸುವ ಭಾಗ್ಯವನ್ನು ಕರುಣಾಮಯನಾದ ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.